ಅಲುಗದ ಕೂಸಿನ ಫೋಟೋ

ಜೀವ ಹೋಗುವುದನ್ನು ಫೋಟೋ ಹಿಡಿದಿದ್ದಾರೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆ?

ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಮೊಬೈಲಿಂದ ಮೊಬೈಲಿಗೆ ಓಡಾಡಿದ ಒಂದು ಹಳೆಯ ಚಿತ್ರದ ಮಾತು ಇದು. ಜಗುಲಿಯ ಕಂಬಕ್ಕೆ ಒರಗಿ ಕೂತ ನಾಲ್ಕೈದು ವರ್ಷದ ಹೆಣ್ಣುಕೂಸು. ಮುಖ ಸ್ಪಷ್ಟ, ಕೆನ್ನೆಯ ದೃಷ್ಟಿಬೊಟ್ಟು ಕೂಡ ಕಾಣುತ್ತದೆ. ಅದರ ನೆತ್ತಿಯ ಹತ್ತಿರ ಹೊಗೆಯಂಥದ್ದು ಏನೋ ಎದ್ದಿದೆ. ಕೂಸಿನ ಎಡಕ್ಕೂ ಬಲಕ್ಕೂ ಒಬ್ಬಳೇ ಹೆಂಗಸು ನಿಂತಿದ್ದಾಳೆ. ಒಂದು ಕಡೆ ಮುಖ ಕಲಸಿದ್ದರೂ ಅದೇ ಮೂಗುಬೊಟ್ಟು, ಅದೇ ಸೀರೆಯ ಅಂಚು. ಸುತ್ತ ಇನ್ನೂ ಕೆಲವರ ಮಸುಕು ಮುಖಗಳು. ಜನ ಹೇಳುವ ಕಥೆಯಲ್ಲಿ ಹೊಗೆ ಎಂದರೆ ಕೂಸಿನ ಜೀವ, ಎರಡೂ ಕಡೆ ನಿಂತವಳು ಕರೆದೊಯ್ಯಲು ಬಂದ ಮಾರಿ.

ದೆವ್ವ ದೇವರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಆ ಚಿತ್ರದಲ್ಲಿ ಕಂಬದ ನೆರಳು ಎಡಕ್ಕೂ ಬಿದ್ದಿದೆ, ಬಲಕ್ಕೂ ಬಿದ್ದಿದೆ. ಮಾರಿ ಎರಡು ರೂಪದಲ್ಲಿ ಬಂದಳು ಎಂದು ವಾದಕ್ಕೆ ಒಪ್ಪೋಣ. ಅವತ್ತು ಸೂರ್ಯನೂ ಎರಡು ಕಡೆ ಹುಟ್ಟಿದ್ದನೇ?

ಎರಡು ಸೂರ್ಯ ಇಲ್ಲದಿದ್ದರೆ ಎರಡು ಗಾಜಿನ ನೆಗೆಟಿವ್ ಇರಬೇಕು. ಇದ್ದವು. ಆ ಎರಡು ಗಾಜನ್ನು ಬಿಡಿಸಿದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೂ ಮಾತಾಡಿ, ವಿರೋಧವೂ ಮಾತಾಡಿ ಕಪ್ ಗೆದ್ದು ತಂದವಳಿಗೆ ಇದೊಂದು ಸುಲಭದ ವಿಷಯ ಎಂದೇ ಅನ್ನಿಸಿತ್ತು.

ಹುಣಸೂರಿನ ಒಂದು ಹಳೇ ಮನೆಯ ಅಟ್ಟದಿಂದ ಇಳಿಸಿದ ಗಾಜಿನ ನೆಗೆಟಿವ್‌ಗಳನ್ನು ಒರೆಸಿ, ಸ್ಕ್ಯಾನ್ ಮಾಡಿ, ಯಾವ ಊರು, ಯಾರ ಮನೆ ಎಂದು ಗುರುತು ಹಚ್ಚುವುದು ನನ್ನ ಕೆಲಸ. ಅವನ್ನು ತೆಗೆದವರು ಕಸುಬಿನ ಫೋಟೋಗ್ರಾಫರ್ ಅಲ್ಲ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಊರೂರು ಅಲೆದು, ಸಿಡುಬು ಬರದಂತೆ ಮಕ್ಕಳ ತೋಳಿಗೆ ಚುಚ್ಚುತ್ತಿದ್ದ ಸರ್ಕಾರಿ ನೌಕರ. ಸಿಡುಬಿಗೆ ದೇವಿ ಎನ್ನುತ್ತಿದ್ದ ಜನ ಇವರನ್ನು ‘ದೇವಿ ಹಾಕೋ ಸಾಮಿ’ ಎಂದು ಕರೆಯುತ್ತಿದ್ದರು. ಎತ್ತಿನಗಾಡಿಯಲ್ಲಿ ಒಂದು ಕಡೆ ಲಸಿಕೆಯ ಪೆಟ್ಟಿಗೆ, ಇನ್ನೊಂದು ಕಡೆ ಮೂರು ಕಾಲಿನ ಕ್ಯಾಮೆರಾ. ಚುಚ್ಚಿಸಿಕೊಳ್ಳಲು ಹೆದರಿ ಹುಲ್ಲಿನ ಮೆದೆ ಹಿಂದೆ ಅವಿತ ಮಕ್ಕಳು, ಕಟ್ಟೆಮಳಲವಾಡಿಯ ಕಣದಲ್ಲಿ ರಾಗಿ ತೂರುವ ಹೆಂಗಸರು, ಹೊಳೆ ದಾಟುವ ಹರಿಗೋಲು, ಹೊಸ ಮಡಕೆ ಹೊತ್ತ ಮುದುಕ. ಯಾರೂ ಕೇಳದೆ, ಯಾರಿಗೂ ಮಾರದೆ ತೆಗೆದ ಚಿತ್ರಗಳು.

ಕೆಲಸದ ಕ್ರಮ ಸರಳ. ಗಾಜನ್ನು ಅಂಚಿನಲ್ಲೇ ಹಿಡಿಯಬೇಕು. ಒಂದು ಮೈ ಬರೀ ಗಾಜು, ಅದನ್ನು ಒದ್ದೆ ಹತ್ತಿಯಲ್ಲಿ ಒರೆಸಬಹುದು. ಇನ್ನೊಂದು ಮೈಗೆ ಚಿತ್ರ ಹೊತ್ತ ಅಂಟಿನಂಥ ಪದರ ಇರುತ್ತದೆ, ಅದಕ್ಕೆ ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ತಾಕಬಾರದು. ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಇಟ್ಟರೆ ಬಿಳಿ ಪಂಚೆ ಕಪ್ಪು, ಕಪ್ಪು ಕೂದಲು ಬಿಳಿ. ಮುಖಗಳು ಮಸಿ, ಕಣ್ಣುಪಾಪೆ ಮಾತ್ರ ಬೆಳ್ಳಗೆ. ಬೆಳಗ್ಗಿನಿಂದ ಸಂಜೆಯವರೆಗೆ ಅಂಥ ಕಣ್ಣುಗಳನ್ನೇ ನೋಡಿ ಹೊರಬಂದರೆ ಬಸ್‌ಸ್ಟ್ಯಾಂಡಿನ ಜನರ ಮುಖಗಳೇ ತಿರುಗುಮುರುಗಾಗಿ ಕಾಣುತ್ತಿದ್ದವು. ಕಣ್ಣಿನ ಆಯಾಸ, ಬೇರೇನಿಲ್ಲ. ಹಾಗೆಂದು ನನಗೇ ಹೇಳಿಕೊಳ್ಳುತ್ತಿದ್ದೆ.

ಸಾಮಿಯ ಮೊಮ್ಮಗ, ನಿವೃತ್ತ ಮೇಷ್ಟರು, ಆ ಹೊಗೆಯ ಚಿತ್ರದ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ಗಾಜನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಹಂಚಿದವರೂ ಅವರೇ.

“ಸರ್, ಇದು ಎರಡು ಗಾಜು. ಚಿತ್ರದ ಮೈ ಚಿತ್ರದ ಮೈಗೆ ಸೇರಿ ಅಟ್ಟದ ತೇವಕ್ಕೆ ಅಂಟಿಕೊಂಡಿದೆ. ಮುಖಕ್ಕೆ ಮುಖ ಮಾಡಿ ಮುಚ್ಚಿದರೆ ಒಂದರ ಎಡ ಇನ್ನೊಂದರ ಬಲದ ಮೇಲೆ ಬರುತ್ತೆ. ಅದಕ್ಕೇ ಆ ಹೆಂಗಸು ಎರಡೂ ಕಡೆ ಕಾಣೋದು,” ಎಂದೆ.

“ಅಮ್ಮಾ, ನೀನು ಹೇಳೋದು ಸರಿಯೇ ಇರಬಹುದು. ಆದರೆ ಹಾಗೆ ಹೇಳಿದರೆ ನೋಡೋಕೆ ಯಾರು ಬರ್ತಾರೆ?”

ಅಂಟಿದ ಜೋಡಿಗಳು ಆ ಪೆಟ್ಟಿಗೆಯಲ್ಲಿ ಇನ್ನೂ ಕೆಲವಿದ್ದವು. ಏನೂ ಕಾಣದಷ್ಟು ಮಾಸಿದ ಒಂದನ್ನು ಪ್ರಯೋಗಕ್ಕೆ ತೆಗೆದುಕೊಂಡೆ. ತಣ್ಣೀರಿನಲ್ಲಿ ನೆನೆಹಾಕಿದೆ. ಗಾಜೇನೋ ಬಿಟ್ಟಿತು. ಆದರೆ ಪದರವೆಲ್ಲ ಹಾಲಿನ ಕೆನೆಯ ಹಾಗೆ ಜಾರಿ ತಟ್ಟೆಯಲ್ಲಿ ತೇಲಿತು. ಇನ್ನೊಂದನ್ನು ಒಣಗಿಸಿ ನೋಡಿದೆ, ಅದು ಚಕ್ಕೆಯೆದ್ದಿತು. ಮೈಸೂರಿನಿಂದ ನಮ್ಮ ಮೇಲ್ವಿಚಾರಕರು ಫೋನಿನಲ್ಲಿ, “ಆ ಕೂಸಿನ ಜೋಡೀನ ಮುಟ್ಟಬೇಡ. ಅದರ ಮನೆಯವರು ಸಿಕ್ಕಿ, ಅವರೇ ಕೇಳಿದರೆ ಮಾತ್ರ ನೋಡೋಣ,” ಎಂದರು. ಮುಟ್ಟಲಿಲ್ಲ.

ಆಗ ಬಂತು ಹಂಪಾಪುರದ ಕಡೆಯಿಂದ ಒಂದು ಫೋನು.

“ಮೇಡಂ, ಆ ಫೋಟೋದಾಗಿರೋದು ನಮ್ ಮನೆ ಜಗುಲಿ ಕಣ್ರೀ. ಕಂಬದ್ ಮೇಲೆ ಗಿಣಿ ಕೆತ್ತೈತಲ್ಲ, ನೋಡ್ರಿ. ಬಲಗಡೆ ಗಿಣಿಗೆ ಕೊಕ್ಕಿಲ್ಲ. ಈಗ್ಲೂ ಇಲ್ಲ.”

ಕೋಟೆ ಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಹಂಪಾಪುರದ ಹತ್ತಿರದ ಹಳ್ಳಿಯಲ್ಲಿ ಬೇಸಾಯವನ್ನೂ ನೋಡಿಕೊಳ್ಳುವ ನಲವತ್ತರ ಆಸುಪಾಸಿನ ಆಳು ಅವರು. ಅವರ ಮನೆಗೆ ಹೋದೆ. ಕೊಕ್ಕಿಲ್ಲದ ಗಿಣಿ ಇತ್ತು. ಅದೇ ಕಂಬಕ್ಕೆ ಒರಗಿ, ಕಾಲು ಚಾಚಿ, ಮೊರದಲ್ಲಿ ಅವರೆಕಾಯಿ ಬಿಡಿಸುತ್ತ ಒಬ್ಬ ಅಜ್ಜಿ ಕೂತಿದ್ದರು. ತೊಂಬತ್ತು ದಾಟಿದ ಮೈ, ಒಣಗಿದ ಶುಂಠಿಯಂಥ ಬೆರಳು. ನನ್ನ ಕಣ್ಣು ಅವರಿಂದ ಕಂಬಕ್ಕೆ, ಕಂಬದಿಂದ ಅವರಿಗೆ ಹೋಗಿಬಂತು.

“ಅದೇನವ್ವ ಅಂಗ್ ನೋಡ್ತೀಯ? ಇನ್ನೂ ಸತ್ತಿಲ್ಲ ಕಣ, ಕುಂತ್ಕೊ,” ಎಂದರು.

ಅವರು ಸ್ಟುಡಿಯೋದವರ ತಾತನ ತಂಗಿ. ಹೆಸರು ತಿಪ್ಪಮ್ಮ. ಬೀಚನಹಳ್ಳಿಯಲ್ಲಿ ಕಟ್ಟೆ ಕಟ್ಟಿದಾಗ ಅವರ ಗಂಡನ ಊರು ನೀರಿನಡಿ ಹೋಗಿತ್ತು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಮಕ್ಕಳಿಲ್ಲ, ಆ ಕಡೆಯವರೆಲ್ಲ ಚದುರಿಹೋಗಿದ್ದರು. ಹಾಗಾಗಿ ಹುಟ್ಟಿದ ಮನೆಗೆ ವಾಪಸು ಬಂದಿದ್ದರು. ಹುಟ್ಟಿದ ಮನೆ ಎನ್ನುವುದು ಅವರ ಮಾತು. ಆ ಮನೆಯ ಮಾತು ಬೇರೆ.

ನಾನು ತಂದಿದ್ದ ಪ್ರಿಂಟನ್ನು ಅಜ್ಜಿ ಮೊರದ ಮೇಲಿಟ್ಟುಕೊಂಡು ಬಗ್ಗಿ ನೋಡಿದರು. “ಇದು ನಾನು.”

“ಇಲ್ಲ ಕಣಜ್ಜಿ,” ಎಂದರು ಸ್ಟುಡಿಯೋದವರು. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ಮದ್ವೆ ಫೋಟೋಗೆ ಜನ ಯಾರನ್ನಾರ ಕರ್ಕೊತಾರೆ. ಹೆಣದ್ ಫೋಟೋಗೆ ಈ ಸೀಮೆಗೇ ನಾನೇ ಬೇಕು. ಅದ್ಕೇ ಏಳ್ತೀನಿ. ಇದು ಹೆಣ.”

ನಮ್ಮ ಕಡೆ ಸತ್ತವರನ್ನು ಜಗುಲಿಯ ಮೇಲೆ ಕೂರಿಸಿ, ಹೂವು ಹಾಕಿ, ಮನೆಯವರೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದು ಹೊಸದೇನಲ್ಲ. ಅವರು ಬೆರಳಿಟ್ಟು ತೋರಿಸಿದರು. ಸೊಂಟದ ಹತ್ತಿರ ಸೀರೆಯಲ್ಲಿ ಕಂಬಕ್ಕೆ ಬಿಗಿದ ಗಂಟು. ದವಡೆಯಡಿಯಿಂದ ನೆತ್ತಿಗೆ ಸುತ್ತಿ ಹೂವಿನಲ್ಲಿ ಮುಚ್ಚಿದ ಬಟ್ಟೆ. “ಸುತ್ತ ಇರೋರೆಲ್ಲ ಅಲುಗಾಡವ್ರೆ, ಮುಖ ಕಲಸೋಗೈತೆ. ಇದೊಂದೇ ಕಲ್ಲಂಗೆ ಕುಂತೈತೆ. ಮುಚ್ಚಳ ತೆಗ್ದು, ಎಣಿಸಿ, ಮುಚ್ಚೋ ಕಾಲದ ಕ್ಯಾಮ್ರ ಇದು. ಉಸ್ರಾಡೋ ಕೂಸು ಇಂಗ್ ಬರಲ್ಲ.”

ಅದು ನನ್ನ ತೀರ್ಮಾನವೂ ಆಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

“ನಾನೇ ಕಣೋ ಬಡ್ಡೈದ್ನೆ,” ಅಜ್ಜಿ ಪಟ್ಟು ಬಿಡಲಿಲ್ಲ. “ಆ ಸಾಮಿ ಕರೀ ಬಟ್ಟೆ ಒಳಿಕ್ಕೆ ತಲೆ ಇಟ್ಕಂಡಿದ್ದ. ಬೆನ್ನಿಗೆ ಕಂಬ ತಣ್ಣಗಿತ್ತು. ಅವ್ವ ಕರೀತಾವ್ಳೆ, ಓ ಅನ್ನಕ್ಕೆ ಬಾಯೇ ಬುಡಾಕಾಗ್ನಿಲ್ಲ.”

ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಸದ್ದು ಮಾಡುತ್ತ ಹೋಯಿತು. ನಾನು ವಾದ ಜೋಡಿಸಿಕೊಂಡೆ: ನಾಲ್ಕು ವರ್ಷದ ನೆನಪು ನಂಬುವಂಥದ್ದಲ್ಲ. ಇದೇ ಜಗುಲಿಯ ಮೇಲೆ ಎಷ್ಟು ಹೆಣ ಕೂತಿವೆಯೋ, ಎಷ್ಟು ದವಡೆ ಕಟ್ಟಿದ್ದನ್ನು ಈಕೆ ನೋಡಿದ್ದಾರೋ. ನೋಡಿದ್ದು ತನಗೇ ಆದದ್ದು ಎನ್ನಿಸುವುದು ಮನಸ್ಸಿನ ಹಳೇ ಚಾಳಿ. ಅಜ್ಜಿ ರವಿಕೆ ಸರಿಸಿ ತೋಳಿನ ಮೇಲೆ ದೇವಿ ಹಾಕಿದ ಗುರುತು ತೋರಿಸಿದರು. ಚಿತ್ರದ ಕೂಸಿಗೂ ಅದೇ ಜಾಗದಲ್ಲಿ ಗುರುತಿತ್ತು.

“ಅದು ಈ ಊರ ಮುದುಕ್ರಿಗೆಲ್ಲ ಐತೆ ಬುಡು,” ಎಂದರು ಸ್ಟುಡಿಯೋದವರು. ಅದೂ ಸರಿಯೇ.

ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ಪಕ್ಷದ ಹಬ್ಬದಲ್ಲಿ ಅವರ ಮನೆಯಲ್ಲಿ ಹಿರಿಯರಿಗೆ ಎಲೆ ಹಾಕಿ ಎಡೆ ಇಡುವಾಗ ಸಾಲಿನ ಕೊನೆಗೆ ಒಂದು ಚಿಕ್ಕ ಎಲೆ ಇರುತ್ತದೆ. ಪಾಯಸ, ಕಜ್ಜಾಯ, ಹಸಿರು ಬಳೆ, ಪುಟ್ಟ ಲಂಗ. ಹಿಂದೆ ಈ ಮನೆಯಲ್ಲಿ ಸತ್ತ ಒಂದು ಹೆಣ್ಣುಕೂಸಿಗೆ. “ನಮ್ಮಜ್ಜಿ ಏಳೋದು, ಆ ಕೂಸು ಓದ್ ಮೇಲೆ ತಿಪ್ಪೆ ಮೇಲಿಂದ ಇನ್ನೊಂದ್ ಕೂಸ್ನ ಎತ್ಕಂಡ್ ಬಂದು, ಒಂದ್ ಮೊರ ನುಚ್ಚು ಕೊಟ್ಟು ಕೊಂಡ್ಕಂಡ್ರು ಅಂತ. ಅದೇ ಈ ಅಜ್ಜಿ. ಈಗ ಅಜ್ಜಿ, ನಾ ಸತ್ತ ಮ್ಯಾಲೆ ನಂಗೂ ಈ ಮನೇಲಿ ಎಡೆ ಇಡು ಅಂತೈತೆ. ಬದುಕಿರೋಗಂಟ ಅನ್ನ ಹಾಕಲ್ಲ ಅಂದಿಲ್ಲ ಮೇಡಂ. ಆದ್ರೆ ಹೊರಗಿನೋರ್ನ ಸಾಲಿಗೆ ಕೂರಿಸಿದ್ರೆ ನಮ್ಮ ಹಿರೀಕರು ಎಲೆ ಮುಟ್ಟಲ್ಲ. ಅದು ನಮ್ಮ ತಾತನ ಕಾಲದ ಮಾತು.”

“ತಿಪ್ಪೆ ಮೇಲಿಂದ ತಂದರು ಅಂದರೆ ಹೊರಗಿನವರು ಅಂತ ಹೇಗಾಗುತ್ತೆ?” ನಾನು ಸುಮ್ಮನಿರಲಾಗದೆ ಕೇಳಿದೆ. “ಸಾವಿನ ದವಡೆಯಿಂದ ಬಂದ ಸ್ವಂತ ಮಗೂನೇ ತಿಪ್ಪೆ ಮೇಲೆ ಹಾಕಿ, ಪಕ್ಕದ ಮನೆಯವರ ಕೈಲಿ ಎತ್ತಿಸಿ, ನುಚ್ಚು ಕೊಟ್ಟು ವಾಪಸ್ ಕೊಳ್ಳೋದು ನಿಮ್ಮ ಕಡೆ ಇಲ್ವಾ? ಇದು ಯಾರದೋ ಬೇರೆಯವರ ಕೂಸು ಅಂತ ಸಾವಿಗೆ ಮಂಕುಬೂದಿ ಎರಚೋಕೆ?”

“ಐತೆ,” ಎಂದರು. “ಹಂಗಾದ್ರೆ ಈ ಫೋಟೋದಾಗೆ ಸತ್ತಿರೋದು ಯಾರು? ಪ್ರತಿ ವರ್ಸ ಎಲೆ ಉಣ್ಣೋದು ಯಾರು?”

ಒಳ್ಳೆಯ ಮರುಪ್ರಶ್ನೆ. ನಾನು ತೀರ್ಪುಗಾರಳಾಗಿದ್ದರೆ ಅಂಕ ಕೊಡುತ್ತಿದ್ದೆ.

ಇದನ್ನು ತೀರ್ಮಾನಿಸಬಲ್ಲ ಸಾಕ್ಷಿ ಒಂದೇ ಇತ್ತು, ಅಂಟಿಕೊಂಡಿರುವ ಎರಡನೇ ಗಾಜು. ಆ ಹೊಗೆ ಅದರಿಂದ ಬಂದದ್ದು. ಬಿಡಿಸಿದರೆ ಗೊತ್ತಾಗಬಹುದು. ಬಿಡಿಸಲು ಹೋಗಿ ಪದರ ಜಾರಿದರೆ ಎರಡೂ ಹೋಗುತ್ತವೆ. ಮೊದಲಿನ ಪ್ರಯೋಗಗಳು ಹೇಗಾದವು ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಅಜ್ಜಿಗೆ ತನ್ನದು ಎನ್ನುವ ಬೇರೆ ಫೋಟೋ ಇರಲಿಲ್ಲ, ರೇಷನ್ ಕಾರ್ಡಿನದೊಂದು ಬಿಟ್ಟು.

“ಎರಡನೇದ್ರಲ್ಲೂ ಇಂಗೇ ಕುಂತಿದ್ರೆ ಎಡೆ ಮಾತು ಬುಟ್ಬುಡ್ತೀಯ ಅಜ್ಜಿ?” ಎಂದರು ಸ್ಟುಡಿಯೋದವರು.

“ಬುಟ್ಬುಡ್ತೀನಿ.”

“ಫೋಟೋ ಹಾಳಾಗಬಹುದು ಅಜ್ಜಿ. ಯೋಚನೆ ಮಾಡಿ,” ಎಂದೆ.

“ಬಿಡ್ಸು ಮಗ. ಎರಡ್ ಸತಿ ಸಾಯೋದು ನಂಗೇನ್ ಹೊಸ್ದಾ?”

ಹುಣಸೂರಿಗೆ ಮರಳುವಾಗ ಬಸ್ಸಿನಲ್ಲಿ ಆ ಮಾತು ತಲೆಯಲ್ಲಿ ಕೂತಿತ್ತು. ಅಜ್ಜಿ ತಮಾಷೆಗೆ ಅಂದದ್ದು. ಆದರೆ ನಗದೆ ಅಂದದ್ದು.

ಮನೆಯವರ ಒಪ್ಪಿಗೆ ಇದೆ ಎಂದ ಮೇಲೆ ಮೇಲ್ವಿಚಾರಕರು ಒಂದು ದಾರಿ ಹೇಳಿಕೊಟ್ಟರು. ನೆನೆಸಬಾರದು, ಒಣಗಿಸಲೂಬಾರದು. ಮುಚ್ಚಳದ ಡಬ್ಬಿಯ ತಳಕ್ಕೆ ಒದ್ದೆ ಬಟ್ಟೆ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಗಾಜಿನ ಜೋಡಿ. ನೀರು ತಾಕಬಾರದು, ನೀರಿನ ಆವಿ ಮಾತ್ರ ತಾಕಬೇಕು. ಸೆಖೆಯಲ್ಲಿ ಪದರ ಕರಗುತ್ತದೆ, ಆದ್ದರಿಂದ ಡಬ್ಬಿ ತಂಪಿನಲ್ಲಿರಬೇಕು. ಮೇಷ್ಟರ ಮನೆಯ ಫ್ರಿಜ್ಜಿನ ಕೆಳಗಿನ ಅರೆಯನ್ನು ತರಕಾರಿಯಿಂದ ಬಿಡಿಸಿಕೊಂಡೆ. “ಸೊಪ್ಪಿನ ಜಾಗದಲ್ಲಿ ಮಾರಿ ಕೂತಳು,” ಎಂದು ಅವರ ಹೆಂಡತಿ ಗೊಣಗಿದರು.

ದಿನಗಟ್ಟಲೆ ಏನೂ ಆಗಲಿಲ್ಲ. ಬೆಳಗ್ಗೆ ತೆಗೆದು ಅಂಚಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ತೂರಿಸಿ ನೋಡುವುದು, ಗಟ್ಟಿ ಎನಿಸಿದರೆ ಬಲ ಹಾಕದೆ ವಾಪಸು ಇಡುವುದು. ಪ್ರತಿ ಸಲ ಬೆಳಕಿಗೆ ಹಿಡಿದಾಗ ಆ ಹೊಗೆಯಂಥದ್ದು ಸ್ವಲ್ಪ ಸರಿದಂತೆ ಕಾಣುತ್ತಿತ್ತು. ಸರಿದಂತೆ ಕಾಣುವುದಲ್ಲ, ಸರಿಯುತ್ತಲೇ ಇತ್ತು. ಪದರ ಮೆತ್ತಗಾಗಿ ಒಂದು ಗಾಜು ಇನ್ನೊಂದರ ಮೇಲೆ ಕೂದಲೆಳೆಯಷ್ಟು ಜಾರುತ್ತಿತ್ತು. ಕಾರಣ ಗೊತ್ತಿತ್ತು. ಕಾರಣ ಗೊತ್ತಿದ್ದರೂ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಒಂದು ಗಳಿಗೆ ನಿಲ್ಲುತ್ತಿದ್ದೆ. ಮೊದಲು ಕೂಸಿನ ನೆತ್ತಿಯಿಂದ ಬಿಟ್ಟು ನಿಂತಿದ್ದ ಹೊಗೆ ದಿನ ಕಳೆದಂತೆ ಕೂಸಿನ ಮುಖಕ್ಕೆ ಹತ್ತಿರವಾಗುತ್ತಿತ್ತು.

ಕೊನೆಗೊಂದು ಬೆಳಗ್ಗೆ ಹಾಳೆ ಒಂದು ಮೂಲೆಯಿಂದ ಸಲೀಸಾಗಿ ಒಳಹೋಯಿತು. ಮೆಲ್ಲಗೆ ತಳ್ಳಿದೆ. ಮೂರು ಕಡೆ ಬಿಟ್ಟಿತು. ಮಧ್ಯದಲ್ಲಿ, ಕೂಸಿನ ಮಡಿಲಿರುವ ಜಾಗದಲ್ಲಿ, ಬಿಡಲೊಲ್ಲದು. ಅಲ್ಲೇ ನಿಲ್ಲಿಸಿ ಮತ್ತೆ ಡಬ್ಬಿಗಿಟ್ಟರೆ ಬಿಟ್ಟ ಭಾಗ ಅತಿಯಾಗಿ ನೆನೆದು ಕೆನೆಯಾಗುತ್ತದೆ. ತಳ್ಳಿದರೆ ಮಧ್ಯ ಕಿತ್ತುಬರುತ್ತದೆ. ಯಾರನ್ನೂ ಕೇಳಲು ಸಮಯವಿರಲಿಲ್ಲ. ತಳ್ಳಿದೆ.

ಟಪ್ ಎಂದು ಸಣ್ಣ ಸದ್ದು. ಎರಡು ಗಾಜು ಎರಡು ಕೈಯಲ್ಲಿದ್ದವು. ಎರಡರಲ್ಲೂ ಕೂಸಿನ ಮಡಿಲಿನ ಜಾಗದಲ್ಲಿ ಅಂಗೈ ಅಗಲದ ಪದರ ಚೂರುಚೂರಾಗಿತ್ತು. ಉಳಿದದ್ದೆಲ್ಲ ಉಳಿದಿತ್ತು.

ಒಣಗಿಸಿ ಸ್ಕ್ಯಾನ್ ಮಾಡಿದೆ. ಒಂದು ಗಾಜು ನಮಗೆ ಗೊತ್ತಿದ್ದದ್ದೇ. ಅಳುವವರ ಕಲಸಿದ ಮುಖಗಳು, ನಡುವೆ ಸ್ಪಷ್ಟವಾದ ಕೂಸು. ಇನ್ನೊಂದನ್ನು ತೆರೆಯ ಮೇಲೆ ತಿರುಗುಮುರುಗು ಮಾಡಿದಾಗ ನಾನು ಕುರ್ಚಿ ಹಿಂದಕ್ಕೆ ತಳ್ಳಿದ್ದು ಮೇಷ್ಟರಿಗೆ ಆಚೆ ಕೋಣೆಯಲ್ಲಿ ಕೇಳಿಸಿತಂತೆ.

ಅದರಲ್ಲಿ ಕೂಸಿನ ಮುಖವಿಲ್ಲ. ಮುಖವಿರಬೇಕಾದ ಕಡೆ ಎರಡು ತಲೆಗಳ ಮಸುಕು. ಒಂದು ಕಂಬಕ್ಕೆ ಒರಗಿದ್ದು, ಇನ್ನೊಂದು ಮುಂದಕ್ಕೆ ಬಾಗಿದ್ದು, ನಡುವೆ ಎಳೆದ ಹೊಗೆ. ಒಬ್ಬ ಹೊಸ ಗಂಡಸು ಅಂಚಿನಲ್ಲಿದ್ದಾನೆ, ಕಂಕುಳಲ್ಲಿ ಕೊಡೆ. ಅವನೂ ಮಸುಕು. ಆದರೆ ಜನ ಮಾರಿ ಎಂದಿದ್ದ ಆ ಹೆಂಗಸು, ಕೂಸಿನ ತಾಯಿ, ಈಗ ಸ್ಪಷ್ಟ. ಆ ಇನ್ನೊಂದು ಗಾಜಿನಲ್ಲಿ ಅಳುತ್ತ ಅಲುಗಿದ್ದವಳು ಇದರಲ್ಲಿ ಕಲ್ಲಾಗಿದ್ದಾಳೆ. ಕ್ಯಾಮೆರಾ ನೋಡುತ್ತಿಲ್ಲ, ಕೂಸನ್ನು ನೋಡುತ್ತಿದ್ದಾಳೆ. ಅವಳ ಕೈ ಮೇಲೆದ್ದಿದೆ. ಅಪ್ಪಿಕೊಳ್ಳಲು ಚಾಚಿದ ಕೈಯಲ್ಲ. ಅಂಗೈ ಹೊರಗೆ ಮಾಡಿ, ಬರಬೇಡ ಎನ್ನುವ ಕೈ.

ಈಗ ವಾದ. ಮೊದಲನೆಯ ಪ್ರಶ್ನೆ, ಯಾವುದು ಮೊದಲು? ಅಲುಗಿದ್ದೇ ಮೊದಲಾದರೆ, ಕಾಯಿಲೆಯ ಕೂಸು ಆಮೇಲೆ ಸತ್ತಿದೆ, ಅಷ್ಟೆ. ಹಳ್ಳಿಗೆ ಮತ್ತೆ ಹೋಗಿ ಬೆಳಗ್ಗೆ ಜಗುಲಿಯ ಎದುರು ನಿಂತೆ. ಮನೆ ಪೂರ್ವಕ್ಕೆ ಮುಖ ಮಾಡಿದೆ. ಹೊತ್ತೇರಿದಂತೆ ಸೂರಿನ ನೆರಳು ಹಿಂದಿನ ಗೋಡೆಯ ಮೇಲೆ ಕೆಳಗಿಳಿಯುತ್ತ ಬರುತ್ತದೆ. ಅಲುಗದ ಗಾಜಿನಲ್ಲಿ ನೆರಳು ಬಾಗಿಲ ಮೇಲ್ಪಟ್ಟಿಯಲ್ಲಿದೆ, ಅಲುಗಿದ್ದರಲ್ಲಿ ಬಾಗಿಲ ನಡುವಿಗೆ ಬಂದಿದೆ. ಅಂದರೆ ಅಲುಗದ್ದೇ ಮೊದಲು. ಕೊಡೆಯ ಗಂಡಸು ಸೋದರಮಾವ ಎಂದರು ಅಜ್ಜಿ. ಪಿರಿಯಾಪಟ್ಟಣದ ಕಡೆಯಿಂದ ಅವನು ಬರುವ ತನಕ ಮಣ್ಣು ಮಾಡುವಂತಿಲ್ಲ. ಅವನು ಬಂದ ಮೇಲೆ ಅವನನ್ನೂ ಸೇರಿಸಿ ಇನ್ನೊಂದು ಚಿತ್ರ. ಹೆಣವೆಂದು ಕೂರಿಸಿದ ಕೂಸು ಆಮೇಲೆ ಅಲುಗಿದೆ, ಇಷ್ಟಕ್ಕೆ ಅಜ್ಜಿಯ ಪರ ನಾನು ಗೆದ್ದೆ ಎಂದುಕೊಂಡೆ.

ಸ್ಟುಡಿಯೋದವರು ಪ್ರಿಂಟನ್ನು ಬಹಳ ಹೊತ್ತು ನೋಡಿದರು. “ಗಂಟು ಸಡ್ಲಾದ್ರೆ ಹೆಣ ಮುಂದಕ್ಕೆ ಜೋತು ಬೀಳ್ತದೆ ಮೇಡಂ. ಆಗ್ಲೂ ಇಂಗೇ ಬತ್ತದೆ. ನನ್ ಕೈಲೇ ಎಷ್ಟ್ ಸತಿ ಆಗೈತೆ.”

ತಲೆ ಎದ್ದಿತೋ ಬಿದ್ದಿತೋ ಎನ್ನುವುದನ್ನು ಆ ಮಸುಕು ಹೇಳುವುದಿಲ್ಲ. ಮಸುಕಿನೊಳಗೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಿಲ್ಲ.

“ಕೈ ಕಂಡಿದ್ರೆ ಏಳ್ಬೋದಿತ್ತು,” ಅವರೇ ಮುಂದುವರಿಸಿದರು. “ಹೆಣದ್ ಎರಡು ಎಬ್ಬೆಟ್ಟು ಸೇರಿಸಿ ಕಟ್ಟಿರ್ತೀವಿ. ದಾರ ಕಿತ್ತು ಕೈ ಬ್ಯಾರೆ ಆಗಿದ್ರೆ, ಅದು ಹೆಣ ಅಲ್ಲ.” ಕಿತ್ತುಹೋದ ಮಡಿಲಿನ ಜಾಗದ ಮೇಲೆ ಅವರ ಬೆರಳು ಸುಮ್ಮನೆ ಕೂತಿತ್ತು. ನಾನು ತಳ್ಳಿದ ಆ ಒಂದು ಗಳಿಗೆ ನೆನಪಾಯಿತು.

ಅಜ್ಜಿ ಎರಡನೇ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. ಕೂಸನ್ನಲ್ಲ, ತಾಯಿಯನ್ನು ನೋಡುತ್ತಿದ್ದರು. “ಇಂಗೇ ನೋಡೋಳು ನಮ್ಮವ್ವ. ಸಾಯೋಗಂಟ ಇಂಗೇ ನೋಡುದ್ಲು,” ಎಂದು ಚಿತ್ರವನ್ನು ಮಗುಚಿಟ್ಟರು.

ಪಕ್ಷದ ಹಬ್ಬಕ್ಕೆ ನನ್ನನ್ನೂ ಕರೆದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದರು. ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ, ಸೀರೆ, ಒಬ್ಬರ ಎಲೆಯ ಪಕ್ಕ ಬೀಡಿಕಟ್ಟು. ಗೋಡೆಗೊರಗಿಸಿದ ಫೋಟೋಗಳಿಗೆ ಹೂವು. ಸ್ಟುಡಿಯೋದವರು ಒಂದೊಂದೇ ಹೆಸರು ಹೇಳಿ, “ಬನ್ರಪ್ಪ, ಉಣ್ರಪ್ಪ,” ಎನ್ನುತ್ತ ಸಾಲಿನ ಕೊನೆಗೆ ಬಂದು, ಚಿಕ್ಕ ಎಲೆಯನ್ನು ಕೈಯಲ್ಲೇ ಹಿಡಿದು ನಿಂತರು.

“ನೀವೇ ಏಳಿ ಮೇಡಂ. ಎಲೆ ಹಾಕ್ಲಾ ಬ್ಯಾಡ್ವಾ?”

ನನಗೆ ಅರ್ಥವಾಯಿತು. ಅಜ್ಜಿಯೇ ಆ ಕೂಸಾದರೆ, ಬದುಕಿರುವವರಿಗೆ ಈ ಮನೆಯವರು ಇಷ್ಟು ವರ್ಷ ಸತ್ತವರ ಅನ್ನ ಇಟ್ಟಿದ್ದಾರೆ. ಅಲ್ಲದಿದ್ದರೆ, ಇವತ್ತು ಎಲೆ ತೆಗೆದರೆ ಒಂದು ಸತ್ತ ಕೂಸು ಹಸಿದು ವಾಪಸು ಹೋಗುತ್ತದೆ. ಎಲೆಗೆ ಯಾರೂ ಬರುವುದಿಲ್ಲ ಎನ್ನುವುದು ನನ್ನ ನಿಲುವು. ಹಾಗಿದ್ದರೆ ಏನು ಹೇಳಿದರೂ ಒಂದೇ ತಾನೆ?

“ಗೊತ್ತಿಲ್ಲ,” ಎಂದೆ.

ಅವರು ಎಲೆ ಹಾಕಿದರು. ಪಾಯಸ, ಕಜ್ಜಾಯ, ಬಳೆ, ಲಂಗ. ಹೆಸರು ಹೇಳದೆ, “ಬಾ ಕೂಸೇ,” ಎಂದಷ್ಟೇ ಅಂದರು. ಆ ಕೂಸಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಂಬ್ರಾಣಿ ಹೊಗೆ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಬಂದು ಬಾಗಿಲು ಮುಚ್ಚಿದೆವು.

ಜಗುಲಿಯ ಮೇಲೆ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಾನು ಕೊಕ್ಕಿಲ್ಲದ ಗಿಣಿಯ ಕಂಬದ ಕಡೆ ನೋಡಿದೆ. ಅಲ್ಲಿ ಅಜ್ಜಿ ಇರಲಿಲ್ಲ.

“ಅಜ್ಜಿ ಎಲ್ಲಿ?”

ಕೊಟ್ಟಿಗೆಯಲ್ಲಿ ನೋಡಿದರು, ಹಿತ್ತಲಲ್ಲಿ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲ್ಲರೂ ಮುಚ್ಚಿದ ಬಾಗಿಲಿನ ಕಡೆ ತಿರುಗಿದರು. ಎಡೆ ಇಟ್ಟ ಬಾಗಿಲನ್ನು ನಡುವೆ ತೆಗೆಯುವಂತಿಲ್ಲ. ಒಳಗಿನಿಂದ ಬಳೆಯ ಸದ್ದು ಬಂತು. ಅಜ್ಜಿ ತೊಡುವ ಕಂಚಿನ ಬಳೆಯದಲ್ಲ, ಗಾಜಿನ ಬಳೆಯದು. ಅಜ್ಜಿ ಗಂಡ ಹೋದಾಗಿನಿಂದ ಗಾಜಿನ ಬಳೆ ತೊಟ್ಟಿರಲಿಲ್ಲ.

“ಸುಮ್ನಿರಿ. ಹೊತ್ತಾಗ್ಲಿ,” ಎಂದರು ಸ್ಟುಡಿಯೋದವರು.

ಹೊತ್ತಾದ ಮೇಲೆ ಅವರೇ ಮೂರು ಸಲ ಚಿಲಕ ಬಡಿದು ಬಾಗಿಲು ತಳ್ಳಿದರು. ಸಾಂಬ್ರಾಣಿ ಹೊಗೆ ಸೊಂಟದ ಮಟ್ಟದಲ್ಲಿ ನಿಂತಿತ್ತು. ಸಾಲಿನ ಎಲೆಗಳೆಲ್ಲ ಇಟ್ಟ ಹಾಗೇ ಇದ್ದವು. ಕೊನೆಯ ಚಿಕ್ಕ ಎಲೆಯ ಮುಂದೆ ಅಜ್ಜಿ ಗೋಡೆಗೊರಗಿ, ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಒಂದಿಷ್ಟೂ ಅಲುಗದೆ. ಹಸಿರು ಬಳೆ ಕೈಗೆ ಹಿಡಿಸದೆ ಬೆರಳ ಗೆಣ್ಣಿನಲ್ಲೇ ನಿಂತಿದ್ದವು. ಎಲೆಯಲ್ಲಿ ಪಾಯಸವಿರಲಿಲ್ಲ.

ಯಾರೂ ಹೊಸ್ತಿಲು ದಾಟಲಿಲ್ಲ. ನಾನು ಆ ಹೊಗೆಯೊಳಗೆ ಅಜ್ಜಿಯ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಕಾಣಲಿಲ್ಲ.

“ಅಜ್ಜೀ,” ಎಂದರು ಸ್ಟುಡಿಯೋದವರು.

ಅಜ್ಜಿ ತುಟಿ ನೆಕ್ಕಿಕೊಂಡು ಕಣ್ಣು ಬಿಟ್ಟರು. “ಏನ್ಲಾ ಅಂಗ್ ನಿಂತಿದ್ದೀರ ಎಲ್ಲಾ? ಬೆಲ್ಲ ಸಾಲ್ದು ಪಾಯ್ಸಕ್ಕೆ.”

ಅವರು ಒಳಗೆ ಹೋಗಿ ಅಜ್ಜಿಯ ತೋಳು ಹಿಡಿದೆತ್ತಿದರು. ಕೈ ಬಿಡದೆ ನಿಂತು, ಯಾರ ಕಡೆಗೂ ನೋಡದೆ, “ಆ ಎಲೆ ನಿಂದೇ ಬುಡಜ್ಜಿ. ಈಗ್ಲೂ, ಆಮೇಕೂ,” ಎಂದರು. ಅಜ್ಜಿ ತಲೆಯಾಡಿಸಿದರು, ಅದು ಮೊದಲಿನಿಂದಲೂ ಗೊತ್ತಿದ್ದ ಮಾತು ಎನ್ನುವಂತೆ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಎರಡು ಗಾಜನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು, ಒಂದರ ಮೇಲೆ ‘ಮೊದಲನೆಯದು’ ಎಂದೂ ಇನ್ನೊಂದರ ಮೇಲೆ ‘ಎರಡನೆಯದು’ ಎಂದೂ ಬರೆದಿದ್ದೆ. ಅಷ್ಟನ್ನು ನಾನು ಯಾರ ಮುಂದೆ ಬೇಕಾದರೂ ವಾದಿಸಿ ನಿಲ್ಲಿಸಬಲ್ಲೆ. ಹೊರಡುವ ಮುನ್ನ ಕಂಬದ ಹತ್ತಿರ ಅಜ್ಜಿಯ ಪಕ್ಕ ಕೂತೆ. ಅವರ ಬೆರಳಲ್ಲಿ ಸಿಕ್ಕಿಕೊಂಡಿದ್ದ ಬಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಒಂದು ಪ್ರಶ್ನೆ ಉಳಿದಿತ್ತು. ಸರಿಯುತ್ತರ ಯಾವುದೆಂದು ಹೇಳಬಲ್ಲವರು ಈಗ ಯಾರೂ ಇಲ್ಲ, ಆದ್ದರಿಂದ ಅದು ಸಾಕ್ಷಿಯಾಗುವ ಪ್ರಶ್ನೆಯೂ ಅಲ್ಲ. ಆದರೂ ಕೇಳಿದೆ.

“ಅಜ್ಜಿ, ನಿಮ್ಮನ್ನ ತಿಪ್ಪೆ ಮೇಲೆ ಹಾಕೋಕೆ ಮುಂಚೆ, ನಿಮ್ಮವ್ವ ಏನಂತ ಹೆಸರಿಟ್ಟು ಕರೀತಿದ್ರು?”